ಮಗುವಿಗಾಗಿ ಉಂಡದ್ದು

ಬಸುರಾದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂಬ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಊಟದ ವಿಷಯದಲ್ಲಿ ಹಟ ಮಾಡುವ ಹೆಣ್ಣುಮಗಳು ಒಡಲಲ್ಲಿ ಜೀವ ಚಿಗುರಿದೊಡನೆ ಹಟ ಬಿಟ್ಟು ಹೊಟ್ಟೆ ತುಂಬ ಉಣ್ಣುತ್ತಾಳೆ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಪಾಯಕಾರಿ. ನನ್ನ ವಿಷಯದಲ್ಲಿ ಅದು ಕೆಲವು ತಿಂಗಳ ಮಟ್ಟಿಗೆ ನಿಜವೂ ಆಯಿತು. ಮನೆಯವರು ನೆಮ್ಮದಿಯ ಉಸಿರು ಬಿಟ್ಟರು, ನಾನೂ ಬಿಟ್ಟೆ. ಹೆರಿಗೆಯಾದ ಕೆಲವೇ ವಾರಗಳಲ್ಲಿ ನನ್ನ ಊಟದ ಕಾಯಿಲೆ ಮೊದಲಿಗಿಂತ ಹೆಚ್ಚಿನ ಬಲದಿಂದ ಮರಳಿ ಬಂದಾಗ ಅದನ್ನು ಗುರುತಿಸಲು ನಮ್ಮಲ್ಲಿ ಯಾರೂ ಸಿದ್ಧರಿರಲಿಲ್ಲ.

ನನ್ನ ಕಾಯಿಲೆ ಹದಿಹರೆಯದಲ್ಲಿ, ದಪ್ಪಗಾಗುವ ಹೆದರಿಕೆಯಿಂದ ಊಟವನ್ನೇ ಬಿಡುವ ಅನೊರೆಕ್ಸಿಯಾ ನರ್ವೋಸಾ ರೂಪದಲ್ಲಿ ಶುರುವಾಗಿ, ಇಪ್ಪತ್ತು ದಾಟಿದ ಮೇಲೆ ಬುಲಿಮಿಯಾ ನರ್ವೋಸಾಕ್ಕೆ ತಿರುಗಿತು. ಅಂದರೆ ಬರೀ ಉಪವಾಸವಿದ್ದ ಜಾಗದಲ್ಲಿ ತಡೆಯಲಾಗದೆ ಮುಕ್ಕುವ ಹೊತ್ತುಗಳೂ, ಅದರ ಬೆನ್ನಿಗೇ ತಿಂದದ್ದನ್ನು ಹೊರಹಾಕುವ ಹೊತ್ತುಗಳೂ ಬಂದವು. ಒಂದರಿಂದ ಇನ್ನೊಂದಕ್ಕೆ ಹೀಗೆ ಜಾರುವುದು ಸಾಮಾನ್ಯ. ಅನೊರೆಕ್ಸಿಯಾವನ್ನು ವೈದ್ಯರು 1870ರ ದಶಕದಲ್ಲೇ ಹೆಸರಿಟ್ಟು ವಿವರಿಸಿದ್ದರು. ಬುಲಿಮಿಯಾವನ್ನು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ವಿವರಿಸಿದ್ದು 1979ರಲ್ಲಿ. ಹೊರಹಾಕುವುದಿಲ್ಲದೆ ಮುಕ್ಕುವುದಷ್ಟೇ ಇರುವ ಬಿಂಜ್ ಈಟಿಂಗ್ ಡಿಸಾರ್ಡರ್ ಅನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಸ್ವತಂತ್ರ ಕಾಯಿಲೆಯೆಂದು ಒಪ್ಪಿಕೊಂಡದ್ದು 2013ರಷ್ಟು ಈಚೆಗೆ. ಇಲ್ಲಿ ನನ್ನ ತೂಕವನ್ನಾಗಲಿ, ನಾನು ಎಷ್ಟು ತಿನ್ನುತ್ತಿದ್ದೆ, ಎಷ್ಟು ಬಿಡುತ್ತಿದ್ದೆ ಎಂಬುದನ್ನಾಗಲಿ ಬರೆಯುವುದಿಲ್ಲ. ಈ ಕಾಯಿಲೆ ಇರುವವರು ಅಂತಹ ಅಂಕಿಗಳನ್ನು ಓದುವ ರೀತಿಯೇ ಬೇರೆ. ಇನ್ನೊಬ್ಬಳ ಅಂಕಿ ಅವರಿಗೆ ಮಾಹಿತಿಯಾಗಿ ಉಳಿಯುವುದಿಲ್ಲ, ಸವಾಲಾಗುತ್ತದೆ. ನಾನೂ ಹಾಗೆಯೇ ಓದುತ್ತಿದ್ದವಳು.

ಅನೊರೆಕ್ಸಿಯಾದ ವರ್ಷಗಳಲ್ಲಿ ನನ್ನ ಮುಟ್ಟು ನಿಂತೇ ಹೋಗಿತ್ತು. ಆಮೇಲೂ ಅದು ಮನಸ್ಸಾದಾಗ ಬಂದು ಮನಸ್ಸಾದಾಗ ತಪ್ಪುತ್ತಿತ್ತು. ಹೀಗಾಗಿ ನನಗೆ ಮಕ್ಕಳಾಗುವುದಿಲ್ಲ ಎಂಬುದನ್ನು ಯಾರೂ ಹೇಳದೆಯೇ ನಾನು ಒಪ್ಪಿಕೊಂಡುಬಿಟ್ಟಿದ್ದೆ. ಶರೀರದ ಲೆಕ್ಕ ಬೇರೆ. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಆದ್ದರಿಂದ ತಿಂಗಳುಗಟ್ಟಲೆ ಮುಟ್ಟಾಗದವಳಲ್ಲೂ ಅದು ಯಾವ ಸುಳಿವನ್ನೂ ಕೊಡದೆ ಬಿಡುಗಡೆಯಾಗಬಹುದು. ಗರ್ಭನಿರೋಧಕ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ವಾಂತಿಯಾದರೆ ಆ ಗುಳಿಗೆಯನ್ನು ನಂಬುವಂತೆಯೂ ಇಲ್ಲ. ಅನೊರೆಕ್ಸಿಯಾ ಇರುವ ಹೆಂಗಸರಲ್ಲಿ ಯೋಜಿಸದೆ ಬಂದ ಬಸುರು ಹೆಚ್ಚಾಗಿ ಕಂಡುಬರುತ್ತದೆ ಎಂದು ಸಂಶೋಧಕರು ಹೇಳುವುದನ್ನು ಆಮೇಲೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮುಟ್ಟು ತಪ್ಪುವುದು ನನ್ನ ಪಾಲಿಗೆ ಸುದ್ದಿಯೇ ಆಗಿರಲಿಲ್ಲವಾದ್ದರಿಂದ ವಿಷಯ ತಿಳಿಯುವ ಹೊತ್ತಿಗೆ ಮೊದಲ ವಾರಗಳು ಕಳೆದುಹೋಗಿದ್ದವು. ಗರ್ಭ ಧರಿಸುವ ಮೊದಲಿಂದಲೇ ತೆಗೆದುಕೊಳ್ಳಬೇಕೆನ್ನುವ ಫೋಲಿಕ್ ಆಮ್ಲದ ಗುಳಿಗೆಯೂ ತಡವಾಗಿಯೇ ಶುರುವಾಯಿತು.

ಮೊದಲ ಮೂರು ತಿಂಗಳು ಬುಲಿಮಿಯಾ ಇರುವವಳಿಗೆ ವಿಚಿತ್ರವಾದ ಕಾಲ. ಎಷ್ಟೋ ಬಸುರಿಯರು ವಾಂತಿ ಮಾಡಿಕೊಳ್ಳುತ್ತಾರೆ, ಯಾರೂ ಏಕೆಂದು ಕೇಳುವುದಿಲ್ಲ. ವರ್ಷಗಟ್ಟಲೆ ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಮುಚ್ಚಿಟ್ಟದ್ದನ್ನು ಈಗ ಬಾಗಿಲು ತೆರೆದೇ ಮಾಡಬಹುದಾಗಿತ್ತು. ಹೊರಬಂದರೆ ಯಾರೋ ಬೆನ್ನು ಸವರಿ ನೀರು ಕೊಡುತ್ತಿದ್ದರು. ತೊಂದರೆ ಏನೆಂದರೆ, ಯಾವುದು ಬಸುರಿನ ವಾಂತಿ, ಯಾವುದು ನನ್ನದು ಎಂಬ ಗೆರೆ ನನಗೇ ಅಳಿಸಿಹೋಗತೊಡಗಿತು. ಹೊಟ್ಟೆ ತೊಳಸುವುದು ನಿಜ, ಆದರೆ ಆ ತೊಳಸುವಿಕೆಗೆ ಒಂದು ಸಣ್ಣ ಒತ್ತಾಸೆ ಕೊಡುವ ಕೈ ಯಾರದು? ಬಸುರಿನ ವಾಕರಿಕೆ ಸಾಮಾನ್ಯವಾಗಿ ಒಂಬತ್ತನೆಯ ವಾರದ ಆಸುಪಾಸಿನಲ್ಲಿ ತಾರಕಕ್ಕೇರಿ ನಾಲ್ಕನೆಯ ತಿಂಗಳ ಹೊತ್ತಿಗೆ ಹೆಚ್ಚಿನವರಲ್ಲಿ ಇಳಿಯುತ್ತದೆ. ನನ್ನದು ಇಳಿಯದಿದ್ದಾಗ ಎಲ್ಲರೂ ಮರುಗಿದರು, ನಾನು ಮಾತ್ರ ಆ ಮರುಕವನ್ನು ಕಣ್ಣೆತ್ತಿ ನೋಡದೆ ಸ್ವೀಕರಿಸಿದೆ.

ಮೊದಲು ಅನುಮಾನಪಟ್ಟವರು ದಂತವೈದ್ಯೆ. ವಸಡಿನಲ್ಲಿ ರಕ್ತ ಬರುತ್ತದೆ ಎಂದು ತೋರಿಸಲು ಹೋಗಿದ್ದೆ. ಬಸುರಿನಲ್ಲಿ ಅದು ಸಹಜವೇ. ಅವರು ಪುಟ್ಟ ಕನ್ನಡಿಯನ್ನು ಮೇಲಿನ ಮುಂಗಡೆಯ ಹಲ್ಲುಗಳ ಹಿಂಬದಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಲ್ಲಿ ಹಲ್ಲಿನ ಗಟ್ಟಿ ಮೇಲ್ಪದರವಾದ ಎನಾಮೆಲ್ ಸವೆದು ನುಣುಪಾಗಿತ್ತು, ಅಂಚುಗಳು ತೆಳ್ಳಗೆ ಪಾರದರ್ಶಕವಾಗಿದ್ದವು. ಹೊಟ್ಟೆಯ ಆಮ್ಲ ವರ್ಷಗಟ್ಟಲೆ ತಾಗಿದರೆ ಹೀಗಾಗುತ್ತದೆಯೇ ಹೊರತು ಕೆಲವು ವಾರಗಳ ಬಸುರಿನ ವಾಂತಿಯಿಂದ ಅಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ವಾಂತಿಯಾದ ತಕ್ಷಣ ಹಲ್ಲುಜ್ಜಬೇಡಿ, ಮೆತ್ತಗಾದ ಎನಾಮೆಲ್ ಮತ್ತಷ್ಟು ಸವೆಯುತ್ತದೆ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಎಂದಷ್ಟೇ ಹೇಳಿದರು. ಆಮೇಲೆ ಕೈಗವಸು ತೆಗೆಯುತ್ತ, ಹೆರಿಗೆ ನೋಡಿಕೊಳ್ಳುವ ವೈದ್ಯರಿಗೆ ಈ ವಿಷಯ ಗೊತ್ತೇ ಎಂದು ಕೇಳಿದರು. ಯಾವ ವಿಷಯ ಎಂದು ನಾನು ಕೇಳಲಿಲ್ಲ.

ವೈದ್ಯರಿಗೆ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಹೊಗೆಸೊಪ್ಪು, ಮನೆತನದಲ್ಲಿ ಯಾರಿಗಾದರೂ ಹೃದ್ರೋಗ ಇತ್ತೇ ಎಂಬುದೆಲ್ಲ ಮೊದಲ ಭೇಟಿಯ ಫಾರಂನಲ್ಲಿತ್ತು. ಆಹಾರದೊಡನೆ ನಿಮ್ಮ ಸಂಬಂಧ ಹೇಗಿದೆ ಎಂಬ ಅರ್ಥ ಬರುವ ಒಂದು ಸಾಲೂ ಇರಲಿಲ್ಲ. ಹಾಗೆ ಕೇಳುವುದು ಕಷ್ಟವೇನಲ್ಲ. ಸ್ಕಾಫ್ ಎಂಬ ಐದೇ ಪ್ರಶ್ನೆಗಳ ಪರೀಕ್ಷೆ 1999ರಿಂದಲೂ ಬಳಕೆಯಲ್ಲಿದೆ: ಹೊಟ್ಟೆ ತುಂಬಿದ್ದು ಅಸಹನೀಯವಾಗಿ ವಾಂತಿ ಮಾಡಿಕೊಳ್ಳುತ್ತೀರಾ, ತಿನ್ನುವುದರ ಮೇಲೆ ಹಿಡಿತ ತಪ್ಪಿದೆ ಎಂದು ಚಿಂತಿಸುತ್ತೀರಾ, ಈಚೆಗೆ ತೂಕ ಬಹಳ ಇಳಿದಿದೆಯೇ, ಬೇರೆಯವರು ನಿಮ್ಮನ್ನು ತೆಳ್ಳಗೆ ಎನ್ನುವಾಗ ನೀವು ದಪ್ಪ ಎಂದುಕೊಳ್ಳುತ್ತೀರಾ, ಆಹಾರವೇ ನಿಮ್ಮ ಬದುಕನ್ನು ಆಳುತ್ತಿದೆ ಎನ್ನಿಸುತ್ತದೆಯೇ. ಎರಡಕ್ಕೆ ಹೌದು ಎಂದರೆ ಮುಂದೆ ವಿಚಾರಿಸಬೇಕು. ಆದರೆ ಈ ಐದೂ ಬಸುರಿಯರಿಗಾಗಿ ಬರೆದವಲ್ಲ. ವಾಂತಿಯ ಪ್ರಶ್ನೆಗೆ ಬಸುರಿ ಏನು ಉತ್ತರಿಸಿದರೂ ಅದಕ್ಕೆ ಎರಡು ಅರ್ಥವಿರುತ್ತದೆ.

ಕೊನೆಗೆ ನಾನೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಪ್ರಸೂತಿ ವೈದ್ಯೆಯ ಮೇಜಿನ ಮೇಲಿಟ್ಟೆ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಅವರು ಓದಿ, ಮಡಚಿ ಕಡತದಲ್ಲಿ ಇಟ್ಟುಕೊಂಡು, ರಕ್ತದಲ್ಲಿ ಪೊಟ್ಯಾಸಿಯಂ ನೋಡಬೇಕು, ಇಸಿಜಿ ಮಾಡಿಸಬೇಕು ಎಂದರು. ಪದೇ ಪದೇ ವಾಂತಿ ಮಾಡಿಕೊಂಡರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಾಳ ತಪ್ಪಬಹುದು ಎಂದು ವಿವರಿಸಿದರು. ಬೈಯಲಿಲ್ಲ. ಮಗುವಿನ ಮುಖ ನೋಡಿಯಾದರೂ ಬಿಡಬಾರದೇ ಎಂದು ಕೇಳಲಿಲ್ಲ. ಅದೊಂದು ಮಾತು ಅವರ ಬಾಯಿಂದ ಬಂದಿದ್ದರೆ ನಾನು ಮತ್ತೆ ಅವರ ಬಳಿಗೆ ಹೋಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಹೆದರಿಸಿದರೆ ಗುಣವಾಗುತ್ತದೆ ಎಂದು ನಂಬಿರುವವರು ಬಹಳ. ಆ ಕೆಲಸಕ್ಕೆ ನನಗೆ ಬೇರೆ ಯಾರೂ ಬೇಕಿರಲಿಲ್ಲ. 1944-45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಕ್ಷಾಮವಾದಾಗ ಗರ್ಭದಲ್ಲಿದ್ದ ಕೂಸುಗಳ ಕತೆಯನ್ನು ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ ಓದುತ್ತಿದ್ದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಹಸಿದ ತಾಯಂದಿರ ಕೂಸುಗಳು ಕಡಿಮೆ ತೂಕದಿಂದ ಹುಟ್ಟಿದವು. ಮೊದಲ ತಿಂಗಳುಗಳಲ್ಲಿ ಹಸಿದವರ ಕೂಸುಗಳು ಹುಟ್ಟುವಾಗ ಸರಿಯಾದ ತೂಕದಲ್ಲೇ ಇದ್ದರೂ ದೊಡ್ಡವರಾದ ಮೇಲೆ ಅವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂತು. ಇದನ್ನೆಲ್ಲ ಓದಿ ಮರುದಿನ ನಾನು ಚೆನ್ನಾಗಿ ಉಂಡೆನೇ? ಇಲ್ಲ. ಭಯ ಹೆಚ್ಚಾದಷ್ಟೂ ಎದೆಯೊಳಗಿನ ಆ ಬಿಗಿತ ಹೆಚ್ಚಾಗುತ್ತಿತ್ತು, ಆ ಬಿಗಿತ ಸಡಿಲಿಸಲು ನನಗೆ ಗೊತ್ತಿದ್ದ ಉಪಾಯ ಒಂದೇ ಇತ್ತು. ಕಾಯಿಲೆಯಿಂದ ಮಗುವಿಗೆ ಏನಾಗಬಹುದು ಎಂಬುದು ವೈದ್ಯರಿಗೆ ಗೊತ್ತಿರಬೇಕಾದದ್ದೇ. ಗರ್ಭಪಾತ, ದಿನ ತುಂಬದ ಹೆರಿಗೆ, ಬೆಳವಣಿಗೆ ಕುಂಠಿತವಾಗುವುದು ಇವೆಲ್ಲ ನಿಜವಾದ ಅಪಾಯಗಳೇ. ಆದರೆ ಅವನ್ನು ಬಸುರಿಯ ಮುಂದೆ ಕೋಲಿನಂತೆ ಹಿಡಿದು ನಿಲ್ಲುವುದರಿಂದ ಆಕೆ ಇನ್ನಷ್ಟು ಮುಚ್ಚಿಡುವುದನ್ನು ಕಲಿಯುತ್ತಾಳೆ.

ನಿಜಕ್ಕೂ ಉಪಯೋಗಕ್ಕೆ ಬಂದವು ಬಹಳ ಸಣ್ಣ ಏರ್ಪಾಡುಗಳು. ತೂಕ ನೋಡುವಾಗ ನಾನು ಅಂಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಅದನ್ನು ಯಾರೂ ಗಟ್ಟಿಯಾಗಿ ಓದಬಾರದೆಂದು ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಒಮ್ಮೆ ಹೊಸದಾಗಿ ಬಂದ ಸಹಾಯಕಿ ಅದನ್ನು ಗಮನಿಸದೆ ಅಂಕಿಯನ್ನು ಕೂಗಿ ಹೇಳಿ, ಪರವಾಗಿಲ್ಲ, ಚೆನ್ನಾಗಿ ತುಂಬಿಕೊಂಡಿದ್ದೀರಿ ಎಂದು ನಕ್ಕಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆ ಎರಡು ಅಂಕಿಗಳು ಮಾತ್ರ ವಾರಗಟ್ಟಲೆ ನನ್ನ ತಲೆಯಲ್ಲಿ ಸುತ್ತಿದವು.

ಇನ್ನೊಂದು ಏರ್ಪಾಡು ಡಯೆಟಿಷಿಯನ್ ಮಾಡಿದ್ದು. ಏರುವ ತೂಕ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ದಿನ ತುಂಬಿದ ಕೂಸು ಮೂರು, ಮೂರೂವರೆ ಕಿಲೋ. ಮಾಸು ಅರ್ಧ ಕಿಲೋಗಿಂತ ತುಸು ಹೆಚ್ಚು. ಕೂಸು ಈಜುವ ನೀರು ಒಂದು ಲೀಟರಿನ ಆಸುಪಾಸು. ಮೊದಲು 70 ಗ್ರಾಂ ಇದ್ದ ಗರ್ಭಕೋಶವೇ ಕೊನೆಯಲ್ಲಿ ಒಂದು ಕಿಲೋ ಆಗುತ್ತದೆ. ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಅಂಗಾಂಶಗಳಲ್ಲಿ ಸೇರುವ ನೀರು ಬೇರೆ. ಉಳಿದದ್ದು ಕೊಬ್ಬು, ಸುಮಾರು ಮೂರು ಕಿಲೋ. ಆ ಪದದ ಹತ್ತಿರ ಬಂದಾಗ ಅವರು ಪೆನ್ನು ನಿಲ್ಲಿಸಿ, ಇದು ಹಾಲಿಗೆ ಮೀಸಲು ಎಂದು ಪಕ್ಕದಲ್ಲಿ ಬರೆದರು. ವರ್ಷಗಟ್ಟಲೆ ಶತ್ರುವೆಂದುಕೊಂಡಿದ್ದ ಪದಕ್ಕೆ ಹೀಗೊಂದು ಉದ್ಯೋಗ ಸಿಕ್ಕದ್ದು ನನಗೆ ಹೊಸದು. ಆ ಕಾಗದವನ್ನು ನಾನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ; ಊಟದ ಮುಂಚೆ ಎಷ್ಟೋ ಸಲ ಬಚ್ಚಲಿಗೆ ಹೋಗಿ ಅದನ್ನು ಓದಿ ಬಂದು ತಟ್ಟೆಯ ಮುಂದೆ ಕೂತದ್ದಿದೆ.

ಐದನೆಯ ತಿಂಗಳಿನಿಂದ ಮುಂದಕ್ಕೆ ಕದನವಿರಾಮ. ಉಂಡ ಸ್ವಲ್ಪ ಹೊತ್ತಿಗೆ ಮಗು ಒಳಗೆ ಹೊರಳುತ್ತಿತ್ತು. ನಾನು ತಿಂದದ್ದು ಎಲ್ಲಿಗೋ ತಲುಪಿದೆ ಎಂಬುದಕ್ಕೆ ಅಷ್ಟು ನೇರವಾದ ರಸೀತಿ ನನಗೆ ಜೀವನದಲ್ಲಿ ಮೊದಲು ಸಿಕ್ಕಿರಲಿಲ್ಲ. ಹೊಟ್ಟೆ ದೊಡ್ಡದಾಗಿರುವುದಕ್ಕೆ ಲೋಕವೇ ಒಪ್ಪುವ ಕಾರಣವಿತ್ತು. ತಿನ್ನುವಾಗಲೆಲ್ಲ ಇದು ನನಗಲ್ಲ, ಮಗುವಿಗೆ ಎಂದುಕೊಳ್ಳುತ್ತಿದ್ದೆ, ಹಾಗೆಂದುಕೊಂಡರೆ ತುತ್ತು ಗಂಟಲಲ್ಲಿ ಇಳಿಯುತ್ತಿತ್ತು. ನಾರ್ವೆಯಲ್ಲಿ 1999ರಿಂದ 2008ರವರೆಗೆ ತೊಂಬತ್ತು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು ನಡೆಸಿದ ದೊಡ್ಡ ಅಧ್ಯಯನದಲ್ಲೂ ಬುಲಿಮಿಯಾ ಇದ್ದ ಅನೇಕರಲ್ಲಿ ಲಕ್ಷಣಗಳು ಬಸುರಿನಲ್ಲಿ ತಗ್ಗಿದ್ದು ಕಂಡಿದೆ. ಅದೇ ಅಧ್ಯಯನದಲ್ಲಿ ಇನ್ನು ಕೆಲವರಿಗೆ ಮುಕ್ಕುವ ಕಾಯಿಲೆ ಬಸುರಿನಲ್ಲೇ ಹೊಸದಾಗಿ ಶುರುವಾದದ್ದೂ ಕಂಡಿದೆ. ಆ ತಿಂಗಳುಗಳಲ್ಲಿ ನಾನು ಸುಖವಾಗಿದ್ದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಸುಖಕ್ಕೆ ಒಂದು ಷರತ್ತಿತ್ತು. ನಾನು ಉಣ್ಣಲು ಅರ್ಹಳಾದದ್ದು ಒಳಗೊಬ್ಬಳು ಇದ್ದಳೆಂದು. ನನಗೇ ಹಸಿವಾಗುತ್ತದೆ, ನನ್ನ ಹಸಿವಿಗೂ ಊಟ ಬೇಕು ಎಂಬುದನ್ನು ನಾನು ಆಗಲೂ ಒಪ್ಪಿರಲಿಲ್ಲ. ಕೌನ್ಸೆಲರ್ ಒಮ್ಮೆ ಇದನ್ನೇ ಎತ್ತಿ, ಹೆರಿಗೆಯಾದ ಮರುದಿನ ಯಾರಿಗಾಗಿ ಉಣ್ಣುತ್ತೀರಿ ಎಂದು ಕೇಳಿದರು. ಹಾಲಿದೆಯಲ್ಲ ಎಂದೆ. ಹಾಲು ಬಿಡಿಸಿದ ಮೇಲೆ ಎಂದರು. ನಾನು ಮಾತು ಮರೆಸಿದೆ, ಎಲ್ಲ ಚೆನ್ನಾಗಿಯೇ ಇರುವಾಗ ಇದೇಕೆ ಎಂದುಕೊಂಡು ಮುಂದಿನ ಭೇಟಿಗಳನ್ನೂ ಒಂದೊಂದಾಗಿ ಬಿಟ್ಟೆ.

ಹೆರಿಗೆ ಸುಸೂತ್ರವಾಗಿ ಆಯಿತು. ಮಗಳು ಆರೋಗ್ಯವಾಗಿದ್ದಳು.

ಆಮೇಲಿನ ಕತೆಯೇ ಕಷ್ಟದ್ದು. ಹೆತ್ತ ಮೇಲೂ ಹೊಟ್ಟೆ ಕೆಲಕಾಲ ಬಸುರಿಯ ಹೊಟ್ಟೆಯಂತೆಯೇ ಇರುತ್ತದೆ; ಗರ್ಭಕೋಶ ಕುಗ್ಗಿ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಕನ್ನಡಿಯ ಮುಂದೆ ನಿಲ್ಲುವುದಕ್ಕೂ ಸಂಬಂಧವಿಲ್ಲ. ಮೊನ್ನೆಯವರೆಗೆ ಎಲ್ಲರೂ ಮುಟ್ಟಿ ನೋಡಿ ಸಂತೋಷಪಡುತ್ತಿದ್ದ ಹೊಟ್ಟೆ ಈಗ ಬರೀ ನನ್ನ ಹೊಟ್ಟೆಯಾಗಿತ್ತು, ಅದನ್ನು ಸಮರ್ಥಿಸಲು ಒಳಗೆ ಯಾರೂ ಇರಲಿಲ್ಲ. ಜೊತೆಗೆ ನೋಡಲು ಬಂದವರ ಮಾತುಗಳು. ಮೈ ಎಷ್ಟು ಬೇಗ ಇಳಿಯಿತು, ಹೆತ್ತವಳ ಹಾಗೆ ಕಾಣುವುದೇ ಇಲ್ಲ ಎಂಬ ಮಾತನ್ನು ಹೊಗಳಿಕೆಯಾಗಿ ಆಡುತ್ತಾರೆ. ಬೇರೆ ಯಾವ ರೋಗದ ಲಕ್ಷಣವನ್ನೂ ಜನ ರೋಗಿಯ ಮುಂದೆ ನಿಂತು ಹೀಗೆ ಹೊಗಳುವುದಿಲ್ಲ. ನನಗೆ ಆಗ ತೂಕ ಇಳಿಯುತ್ತಿದ್ದದ್ದು ಊಟ ಬಿಟ್ಟಿದ್ದರಿಂದ. ಆ ಹೊಗಳಿಕೆಯ ಒಂದೊಂದು ಮಾತೂ ಮುಂದಿನ ಹೊತ್ತಿನ ಊಟವನ್ನು ಬಿಡಿಸುತ್ತಿತ್ತು.

ಹಾಲುಣಿಸುವುದು ಕೌನ್ಸೆಲರ್‌ಗೆ ನಾನು ಕೊಟ್ಟಿದ್ದ ಉತ್ತರ. ಅದನ್ನೂ ಕಾಯಿಲೆ ತನ್ನದಾಗಿಸಿಕೊಂಡಿತು. ಹಾಲು ಉತ್ಪತ್ತಿಗೆ ದೇಹ ಬಹಳ ಶಕ್ತಿ ವ್ಯಯಿಸುತ್ತದೆ ಎಂಬ ಸಂಗತಿಯನ್ನು ಹೆಚ್ಚು ಉಣ್ಣಬೇಕೆಂಬ ಸೂಚನೆಯಾಗಿ ತೆಗೆದುಕೊಳ್ಳದೆ ಕೂತಲ್ಲೇ ಕರಗಿಸುವ ಉಪಾಯವಾಗಿ ನಾನು ಲೆಕ್ಕ ಹಾಕತೊಡಗಿದೆ. ತಾಯಿ ಸರಿಯಾಗಿ ಉಣ್ಣದಿದ್ದರೂ ಹಾಲಿನ ಗುಣ ತಕ್ಷಣಕ್ಕೆ ಬಹಳವೇನೂ ಕೆಡುವುದಿಲ್ಲ, ದೇಹ ತನ್ನದೇ ಉಗ್ರಾಣದಿಂದ ತೆಗೆದು ಕೊಡುತ್ತದೆ. ಹಾಲುಣಿಸುವ ತಿಂಗಳುಗಳಲ್ಲಿ ಮೂಳೆಯ ಸಾಂದ್ರತೆಯೂ ಶೇಕಡಾ ಕೆಲವಷ್ಟು ಇಳಿದು, ಹಾಲು ಬಿಡಿಸಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಹದಿಹರೆಯದಲ್ಲೇ ಮೂಳೆಯ ಉಗ್ರಾಣ ಬರಿದು ಮಾಡಿಕೊಂಡವಳಿಗೆ ಇದು ಚಿಂತೆಯ ವಿಷಯವಾಗಬೇಕಿತ್ತು. ಮಗು ಚೆನ್ನಾಗಿದೆಯಲ್ಲ, ಹಾಗಾದರೆ ನಾನು ಉಣ್ಣದಿದ್ದರೂ ನಡೆಯುತ್ತದೆ ಎಂಬುದೇ ನನಗೆ ಕಂಡ ಅರ್ಥ.

ಹಸಿವು ಮಾತ್ರ ಸುಮ್ಮನಿರಲಿಲ್ಲ. ಹಾಲುಣಿಸುವವಳ ಹಸಿವು ಎಂತಹದ್ದೆಂದು ಅನುಭವಿಸಿದವರಿಗೇ ಗೊತ್ತು. ನಡುರಾತ್ರಿ ಮಗುವಿಗೆ ಹಾಲು ಕೊಟ್ಟು ಮಲಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಅಡುಗೆಮನೆಯ ದೀಪವನ್ನೂ ಹಾಕದೆ ನಿಂತೇ ಮುಕ್ಕುತ್ತಿದ್ದೆ, ಆಮೇಲೆ ಹಳೆಯದೇ ದಾರಿ. ಇದು ಮನಸ್ಸಿನ ದೌರ್ಬಲ್ಯವಲ್ಲ ಎಂದು ನನಗೆ ಮನವರಿಕೆ ಮಾಡಿದ್ದು ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944-45ರಲ್ಲಿ ನಡೆಸಿದ ಹಸಿವಿನ ಪ್ರಯೋಗದ ವಿವರ. ಆರೋಗ್ಯವಂತರಾದ 36 ಗಂಡಸರು ಸ್ವಇಚ್ಛೆಯಿಂದ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದರು. ಅವರಲ್ಲಿ ಕೆಲವರು ಹಗಲೆಲ್ಲ ಊಟದ ಯೋಚನೆಯಲ್ಲೇ ಮುಳುಗಿ ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಹೊಟ್ಟೆ ತುಂಬಿದರೂ ನಿಲ್ಲಿಸಲಾಗದೆ ತಿಂದರು. ಮೊದಲು ಹಸಿವು, ಆಮೇಲೆ ಮುಕ್ಕುವುದು. ನನ್ನ ರಾತ್ರಿಗಳನ್ನು ಸರಿಪಡಿಸಬೇಕಾದರೆ ನನ್ನ ಹಗಲಿನ ಊಟದಿಂದ ಶುರುಮಾಡಬೇಕೆಂದು, ಆಮೇಲೆ ನಾನು ಮತ್ತೆ ಚಿಕಿತ್ಸೆಗೆ ಹೋದಾಗ, ಚಿಕಿತ್ಸಕಿ ಹಟ ಹಿಡಿದದ್ದು ಇದಕ್ಕೇ.

ಅಷ್ಟರಲ್ಲಿ ಕಾಯಿಲೆ ಇನ್ನೊಂದು ವಿಳಾಸವನ್ನೂ ಹುಡುಕಿಕೊಂಡಿತ್ತು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸು ಶೇ. 7ರಿಂದ 10ರವರೆಗೆ ತೂಕ ಕಳೆದುಕೊಂಡು ಎರಡು ವಾರಗಳ ಹೊತ್ತಿಗೆ ಮತ್ತೆ ಗಳಿಸುವುದು ಸಹಜ. ಮಗಳ ತೂಕ ಇಳಿದ ಆ ದಿನಗಳಲ್ಲಿ ನಾನು ಅತ್ತೆ, ಏರತೊಡಗಿದ ಮೇಲೂ ಅತ್ತೆ. ಎರಡಕ್ಕೂ ಹೆದರುವುದು ಹೇಗೆ ಸಾಧ್ಯ ಎಂದು ಯಾರಿಗೂ ವಿವರಿಸಲಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ನಕ್ಷೆ ಭಾರತವೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ಅದರ ಗೆರೆಗಳಲ್ಲಿ ಐವತ್ತನೆಯದು ಮಧ್ಯದ್ದೇ, ಅಂದರೆ ಅರ್ಧ ಮಕ್ಕಳು ಅದರ ಕೆಳಗೆ, ಅರ್ಧ ಮೇಲೆ, ಹೊರತು ಪಾಸಾಗುವ ಅಂಕವಲ್ಲ. ಮಗು ತನ್ನ ಗೆರೆಯ ಆಸುಪಾಸಿನಲ್ಲೇ ಏರುತ್ತಿದ್ದರೆ ಸಾಕು. ನಾನು ಆ ಹಾಳೆಯನ್ನು ಪರೀಕ್ಷೆಯ ಫಲಿತಾಂಶ ಓದುವಂತೆ ಓದುತ್ತಿದ್ದೆ. ನನ್ನ ತೂಕದ ಅಂಕಿಗೆ ಬೆನ್ನು ಹಾಕಿ ನಿಲ್ಲುವುದನ್ನು ಕಲಿತಿದ್ದೆ ನಿಜ, ಮಗಳ ಅಂಕಿ ಮಾತ್ರ ಕಣ್ಣೆದುರಿಗೇ ಇತ್ತು, ಮನೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು.

ಬಾಣಂತಿಯ ಖಿನ್ನತೆಯನ್ನು ಪತ್ತೆಹಚ್ಚಲು ಎಡಿನ್‌ಬರೋ ಮಾಪನ ಎಂಬ ಹತ್ತು ಪ್ರಶ್ನೆಗಳ ಹಾಳೆಯಿದೆ, 1987ರದ್ದು. ಅದು ಒಳ್ಳೆಯ ಹಾಳೆ, ಎಷ್ಟೋ ಜೀವಗಳನ್ನು ಉಳಿಸಿರಬೇಕು. ನಗುತ್ತೀರಾ, ಅಳುತ್ತೀರಾ, ವಿನಾಕಾರಣ ಹೆದರುತ್ತೀರಾ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದೆಲ್ಲ ಕೇಳುತ್ತದೆ. ಹತ್ತರಲ್ಲಿ ಒಂದೂ ಊಟದ ಬಗ್ಗೆ ಇಲ್ಲ. ಬಾಣಂತಿಯ ಹಸಿವು, ದಣಿವು ಹೇಗೂ ಏರುಪೇರಾಗಿರುವುದರಿಂದ ದೇಹದ ಲಕ್ಷಣಗಳನ್ನು ಬೇಕೆಂದೇ ಬಿಟ್ಟು ಅದನ್ನು ರಚಿಸಿದ್ದಾರೆ. ಖಿನ್ನತೆಯ ಮಟ್ಟಿಗೆ ಅದು ಸರಿಯೇ. ಆದರೆ ಈ ಎರಡು ಕಾಯಿಲೆಗಳು ಜೊತೆಯಾಗಿ ಬರುವುದು ಬಹಳ. ನಾನು ಆ ಹಾಳೆಯಲ್ಲಿ ಸುಳ್ಳು ಹೇಳಲಿಲ್ಲ; ನನ್ನ ಅಂಕ ಗಡಿಯ ಕೆಳಗೇ ಇತ್ತು, ಎಲ್ಲ ಸರಿಯಿದೆ ಎಂದು ನನ್ನನ್ನು ಕಳಿಸಿಕೊಟ್ಟರು.

ಮತ್ತೆ ಚಿಕಿತ್ಸೆಗೆ ನನ್ನನ್ನು ಕರೆದೊಯ್ದದ್ದು ಮಗಳಿಗೆ ಆರು ತಿಂಗಳು ತುಂಬಿ ಮೇಲಿನ ಆಹಾರ ಶುರುವಾದಾಗಿನ ಅವಸ್ಥೆ. ಒಂದು ತುತ್ತು ಬಾಯಿಗಿಟ್ಟರೆ ನನ್ನ ಇನ್ನೊಂದು ಕೈ ಬಟ್ಟೆ ಹಿಡಿದು ಅವಳ ಗಲ್ಲ ಒರೆಸುತ್ತಿತ್ತು. ಅವಳು ಚಮಚಕ್ಕೆ ಕೈ ಚಾಚಿದರೆ ನಾನು ಚಮಚ ಹಿಂದೆಳೆಯುತ್ತಿದ್ದೆ. ಬೆರಳುಗಳನ್ನು ಬಟ್ಟಲಿಗೆ ಅದ್ದಿ ಮುಖಕ್ಕೆಲ್ಲ ಬಳಿದುಕೊಂಡರೆ ನನ್ನ ಮೈ ಬಿಸಿಯಾಗುತ್ತಿತ್ತು. ಬಟ್ಟಲು ಖಾಲಿಯಾದರೆ ಹೆಚ್ಚಾಯಿತೇನೋ ಎಂಬ ಭಯ, ಉಳಿದರೆ ಕಡಿಮೆಯಾಯಿತೇನೋ ಎಂಬ ಭಯ. ಅವಳು ಬಾಯಿ ಮುಚ್ಚಿ ಮುಖ ತಿರುಗಿಸತೊಡಗಿದಳು. ಒಂದು ದಿನ ನನ್ನ ಗಂಡ ಇದನ್ನು ಫೋನಿನಲ್ಲಿ ಚಿತ್ರೀಕರಿಸಿದ, ಅಜ್ಜಿಗೆ ಕಳಿಸಲೆಂದು. ಅದನ್ನು ನೋಡುವಾಗ ನನ್ನ ಕಣ್ಣು ಮಗಳ ಮೇಲಿರಲಿಲ್ಲ, ಒರೆಸುವ ಆ ಕೈಯ ಮೇಲಿತ್ತು.

ಇದು ನನ್ನೊಬ್ಬಳ ಚಾಳಿಯಲ್ಲ ಎಂದು ಆಮೇಲೆ ಗೊತ್ತಾಯಿತು. ಬ್ರಿಟನ್ನಿನ ಅಲನ್ ಸ್ಟೈನ್ ಮತ್ತು ಸಂಗಡಿಗರು 1994ರಲ್ಲೇ ಇಂತಹ ತಾಯಂದಿರನ್ನೂ ಅವರ ಒಂದು ವರ್ಷದ ಮಕ್ಕಳನ್ನೂ ಊಟದ ಹೊತ್ತಿನಲ್ಲಿ ಗಮನಿಸಿ, ಅಲ್ಲಿ ಜಗ್ಗಾಟ ಹೆಚ್ಚಿರುವುದನ್ನು ದಾಖಲಿಸಿದ್ದರು. ಊಟದ ದೃಶ್ಯವನ್ನು ಚಿತ್ರೀಕರಿಸಿ ತಾಯಿಯ ಜೊತೆಯಲ್ಲೇ ಕೂತು ನೋಡಿ, ಮಗು ಕೊಡುವ ಸೂಚನೆಗಳನ್ನು ಗುರುತಿಸಲು ಕಲಿಸಿದರೆ ಈ ಜಗ್ಗಾಟ ಕಡಿಮೆಯಾಗುತ್ತದೆ ಎಂಬುದನ್ನು ಅದೇ ತಂಡ 2006ರಲ್ಲಿ ಪ್ರಕಟಿಸಿತು. ನನ್ನ ಚಿಕಿತ್ಸಕಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಈಗ ಅವಳು ಏನು ಕೇಳುತ್ತಿದ್ದಾಳೆ ನೋಡಿ ಎನ್ನುತ್ತಿದ್ದರು. ಚಮಚ ಕೇಳುತ್ತಿದ್ದಾಳೆ. ಇಲ್ಲಿ? ಸಾಕು ಎನ್ನುತ್ತಿದ್ದಾಳೆ. ಅಮೆರಿಕದ ಡಯೆಟಿಷಿಯನ್ ಎಲಿನ್ ಸ್ಯಾಟರ್ ರೂಪಿಸಿದ ಕೆಲಸದ ಹಂಚಿಕೆಯನ್ನೂ ಅವರೇ ಹೇಳಿಕೊಟ್ಟರು: ಯಾವ ಆಹಾರ, ಯಾವ ಹೊತ್ತಿಗೆ, ಎಲ್ಲಿ ಎಂಬುದು ದೊಡ್ಡವರ ಪಾಲು, ತಿನ್ನುವುದೋ ಬೇಡವೋ, ತಿಂದರೆ ಎಷ್ಟು ಎಂಬುದು ಮಗುವಿನ ಪಾಲು. ಕೇಳಲು ಸುಲಭ. ಒರೆಸುವ ಬಟ್ಟೆಯನ್ನು ಕೈಗೆಟುಕದ ಕಡೆ ಇಟ್ಟು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ತಲೆಗೂದಲಿಗೆಲ್ಲ ಮೆತ್ತಿಕೊಳ್ಳುವುದನ್ನು ನೋಡುತ್ತ ಕೂರುವುದು ನನ್ನ ಚಿಕಿತ್ಸೆಯ ಅತಿ ಕಷ್ಟದ ಪಾಠವಾಗಿತ್ತು.

ಅದೇ ಮೇಜಿನಲ್ಲಿ ನನ್ನ ತಟ್ಟೆಯೂ ಇರಬೇಕೆಂಬುದು ಅವರ ಇನ್ನೊಂದು ಷರತ್ತು. ಮಗು ಉಂಡಾದ ಮೇಲೆ ನೋಡೋಣ ಎಂಬುದು ನನ್ನ ಹಳೆಯ ತಂತ್ರ, ಆ ಆಮೇಲೆ ಎಂದೂ ಬರುತ್ತಿರಲಿಲ್ಲ. ಈಗ ಅವಳು ಉಣ್ಣುವಾಗ ನಾನೂ ಉಣ್ಣುತ್ತೇನೆ, ದಿನದ ಊಟ, ಉಪಾಹಾರಗಳ ಹೊತ್ತನ್ನು ಹಸಿವಿಗಾಗಿ ಕಾಯದೆ ಗಡಿಯಾರ ನೋಡಿ ಪಾಲಿಸುತ್ತೇನೆ, ಏಕೆಂದರೆ ನನ್ನ ಹಸಿವಿನ ಸೂಚನೆ ಇನ್ನೂ ನಂಬುವಷ್ಟು ನೇರವಾಗಿಲ್ಲ. ಅವಳ ಮುಂದೆ ಯಾರ ಮೈಯನ್ನೂ, ನನ್ನದನ್ನೂ ಸೇರಿಸಿ, ಹೊಗಳುವುದೂ ಇಲ್ಲ ತೆಗಳುವುದೂ ಇಲ್ಲ ಎಂದು ಮನೆಯಲ್ಲಿ ನಿಯಮ ಮಾಡಿಕೊಂಡಿದ್ದೇವೆ. ಬಂದವರು ಮುರಿದರೆ ಮಾತು ಬದಲಿಸುವ ಹೊಣೆ ಗಂಡನದು. ಈ ಕಾಯಿಲೆಗೆ ವಂಶವಾಹಿಯ ಪಾಲೂ ಇದೆ ಎಂದು ಅವಳಿಗಳ ಮೇಲಿನ ಅಧ್ಯಯನಗಳು ಹೇಳುತ್ತವೆ. ಅದು ನನ್ನನ್ನು ಕಾಡುವುದಿಲ್ಲವೆಂದರೆ ಸುಳ್ಳಾಗುತ್ತದೆ. ವಂಶವಾಹಿಯನ್ನು ಬದಲಿಸಲಾರೆ, ಮೇಜಿನ ಮೇಲಿನ ಮಾತನ್ನು ಬದಲಿಸಬಲ್ಲೆ.

ಗುಣವಾಗಿದೆ ಎಂದು ನಾನು ಹೇಳುತ್ತಿಲ್ಲ. ಮುಕ್ಕುವ ರಾತ್ರಿಗಳು ಅಪರೂಪವಾಗಿವೆ, ಆದರೆ ನಿದ್ದೆಗೆಟ್ಟ ವಾರಗಳಲ್ಲಿ ಅವು ಬಾಗಿಲು ತಟ್ಟುತ್ತವೆ. ಇಂಗ್ಲೆಂಡಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಮಾರ್ಗ ತೋರುವ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಕಾಯಿಲೆ ಇರುವ ಹೆಂಗಸರನ್ನು ಬಸುರಿನಲ್ಲೂ ಹೆರಿಗೆಯ ನಂತರವೂ ಹೆಚ್ಚಿನ ನಿಗಾ ಇಟ್ಟು ನೋಡಿಕೊಳ್ಳಬೇಕೆಂದು ಬರೆದಿದೆ. ಆ ಸಾಲಿನ ಎರಡನೆಯ ಅರ್ಧವೇ ಎಲ್ಲ ಕಡೆಯೂ ಬಿಟ್ಟುಹೋಗುವುದು. ಬಸುರಿನಲ್ಲಿ ನನ್ನನ್ನು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ ನೋಡುತ್ತಿದ್ದರು. ಹೆತ್ತ ಮೇಲೆ ಆರನೆಯ ವಾರದಲ್ಲಿ ಒಂದೇ ಸಲ ನೋಡಿದರು, ಅದೂ ಹೊಲಿಗೆ ಮಾಗಿದೆಯೇ ಎಂದು ತಿಳಿಯಲು. ಮಗುವನ್ನು ಲಸಿಕೆಗೆಂದು ಪದೇ ಪದೇ ಅಲ್ಲಿಗೇ ಕರೆದೊಯ್ಯುತ್ತಿದ್ದೆ. ಅದೇ ಕೋಣೆಯಲ್ಲಿ ತಾಯಿಯನ್ನು ಒಂದು ನಿಮಿಷ ಕೂರಿಸಿ, ಇವತ್ತು ಬೆಳಿಗ್ಗೆಯಿಂದ ನೀವು ಏನು ಉಂಡಿರಿ ಎಂದು ಕೇಳಲು ಹೆಚ್ಚಿನ ಖರ್ಚೇನೂ ಇಲ್ಲ.

ಇನ್ನೊಂದು ಮಗು ಬೇಕೇ ಎಂಬ ಮಾತು ಈಗ ಮನೆಯಲ್ಲಿ ಮೆಲ್ಲಗೆ ಎದ್ದಿದೆ. ಬೇಕೆಂದಾದರೆ ಮೊದಲು ಚಿಕಿತ್ಸಕಿಯನ್ನೂ ಪ್ರಸೂತಿ ವೈದ್ಯೆಯನ್ನೂ ಒಂದೇ ದಿನ ಭೇಟಿಯಾಗಿ, ಹೆರಿಗೆಯ ನಂತರದ ಒಂದು ವರ್ಷದ ಭೇಟಿಗಳ ದಿನಾಂಕಗಳನ್ನು ಮೊದಲೇ ಬರೆಸಿಕೊಳ್ಳಬೇಕು, ನಾನು ಎಷ್ಟು ಚೆನ್ನಾಗಿದ್ದೇನೆಂದು ಹೇಳಿದರೂ ಅವನ್ನು ರದ್ದು ಮಾಡಬಾರದು ಎಂದು ಗಂಡನಿಗೆ ಹೇಳಿಟ್ಟಿದ್ದೇನೆ. ಅವನು ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ನನ್ನಿಂದ ಸಹಿ ಹಾಕಿಸಿಕೊಂಡಿದ್ದಾನೆ.